ಪದಚರ್ಚೆ: ರ‍್ಯಾಟ್, ಮೌಸ್ ಎರಡೂ ಇಲಿಯೇ?

ಎಲ್ಲರಿಗೂ ನಮಸ್ಕಾರ. ನಾಳೆ ಒಪ್ಪಿಸಬೇಕಾದ ಅನುವಾದ ಅರ್ಧಕ್ಕೆ ನಿಂತಿದೆ. ವಿಷಯ, 1999ರಲ್ಲಿ ಶುರುವಾದ ರ‍್ಯಾಟ್ ಜೀನೋಮ್ ಡೇಟಾಬೇಸ್. ಮನುಷ್ಯರ ರೋಗಗಳನ್ನು ರ‍್ಯಾಟ್‌ಗಳಲ್ಲಿ ಅಭ್ಯಾಸ ಮಾಡುವವರು ಜೀನು, ತಳಿಗಳ ವಿವರ ಹುಡುಕುವ ತಾಣ. ಅದರಲ್ಲಿ ಮೌಸ್ ಮಾಹಿತಿಯೂ ಪಕ್ಕದಲ್ಲೇ ಇದೆ. ‘ಇಲಿಯ ಜೀನನ್ನು ಇಲಿಯ ಜೀನಿನೊಂದಿಗೆ ಹೋಲಿಸಿ’ ಎಂದು ಬರೆಯಲಾದೀತೇ? ರ‍್ಯಾಟ್‌ಗೆ ಹೆಗ್ಗಣ ಎನ್ನಲೇ? ‘ರ‍್ಯಾಟ್ ಮಾಡೆಲ್’ಗೆ, ಅಂದರೆ ರೋಗದ ಅಭ್ಯಾಸಕ್ಕೆ ಬಳಸುವ ಇಲಿಗೆ, ‘ಮಾದರಿ ಇಲಿ’ ಸರಿಯೇ? ‘ಇನ್‌ಬ್ರೆಡ್ ಸ್ಟ್ರೇನ್’ಗೂ, ಅಂದರೆ ಒಡಹುಟ್ಟುಗಳನ್ನೇ ಕೂಡಿಸಿ ಬೆಳೆಸಿದ ತಳಿಗೂ, ಪದ ಬೇಕು.

———

ಹೆಗ್ಗಣ ಬೇಡ, ಅದು ಬ್ಯಾಂಡಿಕೂಟ್, ಬೇರೆಯೇ ಜಾತಿ. ಪ್ರಯೋಗಾಲಯದ್ದು ರ‍್ಯಾಟಸ್ ನಾರ್ವೆಜಿಕಸ್. ‘ಮಾದರಿ ಇಲಿ’ ಎಂದರೆ ‘ಮಾದರಿ ವಿದ್ಯಾರ್ಥಿ’ಯಂತೆ ಸನ್ನಡತೆಯ ಇಲಿಯಾದೀತು! ‘ರೋಗಮಾದರಿ ಇಲಿ’ ಎನ್ನಿ. ಇನ್‌ಬ್ರೆಡ್‌ಗೆ ‘ಒಳಸಂಕರ ತಳಿ’.

———

> ಅದು ಬ್ಯಾಂಡಿಕೂಟ್

ಆ ಪದ ತೆಲುಗಿನ ‘ಪಂದಿಕೊಕ್ಕು’. ನೆರೆಮನೆಯ ಪದವನ್ನು ಇಂಗ್ಲಿಷಿನಿಂದ ಸುತ್ತಿ ತಂದು ನಮಗೇ ಪಾಠ ಹೇಳುತ್ತಿದ್ದೀರಿ. ರ‍್ಯಾಟ್‌ಗೆ ಇಲಿ, ಮೌಸ್‌ಗೆ ಸುಂಡಿಲಿ. ಮುಗಿಯಿತು. ಡೇಟಾಬೇಸ್‌ಗೆ ‘ತಿಳಿಕಣಜ’. ‘ದತ್ತಾಂಶ’ ಎಂದು ಇನ್ನೊಂದು ಎರವಲು ತರಬೇಡಿ.

ಸಂಕರ ಎಂದರೆ ಬೆರಕೆ. ಒಡಹುಟ್ಟುಗಳನ್ನೇ ಕೂಡಿಸುತ್ತ ಕನಿಷ್ಠ 20 ತಲೆಮಾರು ಬೆಳೆಸಿ, ಬೆರಕೆಯನ್ನೇ ಕಳೆದ ತಳಿಗೆ ‘ಒಳಸಂಕರ’ವೇ? ‘ಒಳತಳಿ’ ಸಾಕು.

———

ಸುಂಡಿಲಿ ಎಂದರೆ ಕೆಲವರಿಗೆ ಚೂಪು ಮೂತಿಯ ಮೂಗಿಲಿ. ಅದು ಇಲಿಯ ಜಾತಿಯೇ ಅಲ್ಲ. ‘ಒಳತಳಿ’ ಉಪತಳಿಯಂತೆ ಕೇಳಿಸುತ್ತದೆ.

ಇಷ್ಟಕ್ಕೂ ಇದನ್ನು ಓದುವವರು ಆ ತಾಣದಲ್ಲಿ ಹುಡುಕಬೇಕು. 1963ರಲ್ಲಿ ಜಪಾನಿನಲ್ಲಿ ಬೆಳೆಸಿದ, ತಾನಾಗಿಯೇ ರಕ್ತದೊತ್ತಡ ಏರುವ ತಳಿಯ ಗುರುತು ಎಸ್‌ಎಚ್‌ಆರ್. ಅದಕ್ಕೆ ‘ತಾನೇರೊತ್ತಡದಿಲಿ’ ಎಂದು ಹೆಸರಿಟ್ಟರೆ ಹುಡುಕುಪೆಟ್ಟಿಗೆಯಲ್ಲಿ ಏನು ಸಿಗುತ್ತದೆ? ತಳಿಯ ಗುರುತು, ಜೀನಿನ ಗುರುತು ಮುಟ್ಟಬೇಡಿ. ಸುತ್ತಲಿನ ವಾಕ್ಯ ಕನ್ನಡವಾಗಲಿ. ಉಪ್ಪು ತಿಂದರೆ ಒತ್ತಡ ಏರುವ ಡಾಲ್ ತಳಿಗೂ ಅಷ್ಟೇ, ‘ಡಾಲ್’ ಇರಲಿ, ವಿವರಣೆ ಕೊಡಿ.

———

> ಮುಟ್ಟಬೇಡಿ

ಹೀಗೆ ಮುಟ್ಟದೆ ಮುಟ್ಟದೆ ಕನ್ನಡಕ್ಕೆ ಉಳಿದದ್ದು ವಿಭಕ್ತಿ ಪ್ರತ್ಯಯ ಮಾತ್ರ. ‘ರ‍್ಯಾಟ್’ ಬರೆಯಲು ಅರ್ಕಾವೊತ್ತೋ ಯ-ಒತ್ತೋ ಎಂದು ಕೀಲಿಮಣೆಯೊಡನೆ ಗುದ್ದಾಡಬೇಕು. ಬರೆಯಲೂ ಒಗ್ಗದ ಪದವನ್ನು ಹೊತ್ತು ತರುವುದೇಕೆ?

———

‘ಬಸ್ಸು’ ಒಗ್ಗಲಿಲ್ಲವೇ? ಉಕಾರ ಸೇರಿಸಿ, ‘ರ‍್ಯಾಟು’ ಅನ್ನಿ. ಬೈದುಕೊಳ್ಳಿ.

———

ಎಲ್ಲರಿಗೂ ವಂದನೆ. ಮೊದಲ ಸಲ ‘ರ‍್ಯಾಟ್ ಎಂಬ ಇಲಿ’, ಆಮೇಲೆ ಬರೀ ‘ಇಲಿ’; ಮೌಸ್ ಮೌಸಾಗಿಯೇ ಇರುತ್ತದೆ. ‘ರೋಗಮಾದರಿ ಇಲಿ’ ತೆಗೆದುಕೊಂಡೆ. ‘ತಿಳಿಕಣಜ’ವನ್ನು ಸಂಪಾದಕರು ಈಗಾಗಲೇ ಹೊಡೆದುಹಾಕಿದ್ದಾರೆ. ಇನ್‌ಬ್ರೆಡ್‌ಗೆ ಇನ್ನೂ ಖಾಲಿ ಜಾಗ ಬಿಟ್ಟಿದ್ದೇನೆ. ರಾತ್ರಿಯೊಳಗೆ ಯಾರಾದರೂ ಹೇಳಿ.