ಬೆಳಗಾವಿ ಫೌಂಡ್ರಿಗಳ ಜೊತೆ ಮೂರು ಐಟಿಐಗಳ ಒಪ್ಪಂದ: 150 ಗಂಟೆ ಓಜೆಟಿ (ಘಟಕದಲ್ಲೇ ಕೆಲಸದ ತರಬೇತಿ) ಹೇಗೆ ಹೊಂದಿಸುವುದು?

ಪ್ಲೇಸ್‌ಮೆಂಟ್ ಡೆಸ್ಕ್:
ಉದ್ಯಮಬಾಗ್, ಮಚ್ಛೆ ಕಡೆಯ ಫೌಂಡ್ರಿ (ಲೋಹದ ಎರಕದ ಕಾರ್ಖಾನೆ) ಮತ್ತು ಮಷೀನ್ ಶಾಪ್‌ಗಳ ಜೊತೆ ಮೂರು ಐಟಿಐ ಸೇರಿ ಒಂದೇ ಒಪ್ಪಂದ ಮಾಡಿಕೊಳ್ಳುವ ಯೋಚನೆ ಇದೆ. ಫಿಟ್ಟರ್, ಮಷಿನಿಸ್ಟ್, ವೆಲ್ಡರ್, ತಲಾ 20 ಮಕ್ಕಳ ಬ್ಯಾಚ್. 2022ರ ಪಠ್ಯಕ್ರಮದ ಪ್ರಕಾರ ವರ್ಷಕ್ಕೆ 150 ಗಂಟೆ ಓಜೆಟಿ ಆಗಲೇಬೇಕು. ಐದು ಘಟಕ ಒಪ್ಪಿವೆ, ಆದರೆ ಒಮ್ಮೆಗೆ ನಾಲ್ಕು ಜನ ಮಾತ್ರ ಅನ್ನುತ್ತಿವೆ. ಒಪ್ಪಂದದಲ್ಲಿ ಏನೇನು ಬರೆಸಬೇಕು? ಓಜೆಟಿಯನ್ನೇ ಅಪ್ರೆಂಟಿಸ್‌ಶಿಪ್ ಎಂದು ತೋರಿಸಬಹುದೇ?

ಜೆಟಿಒ ಫಿಟ್ಟರ್ (ಕಿರಿಯ ತರಬೇತಿ ಅಧಿಕಾರಿ):
ಸರ್, ಮೊದಲು ಕ್ಯಾಲೆಂಡರ್ ಕೂಡಿಸಿಕೊಳ್ಳಿ. ದಿನಕ್ಕೆ 8 ಗಂಟೆ ಹಿಡಿದರೆ 150 ಗಂಟೆಗೆ 19 ದಿನ ಬೇಕು. ಐದು ಘಟಕದಲ್ಲಿ ನಾಲ್ಕು ನಾಲ್ಕು ಜನ ಅಂದರೆ ಒಂದು ಸುತ್ತಿಗೆ 20 ಮಕ್ಕಳು. 60 ಮಕ್ಕಳಿಗೆ ಮೂರು ಸುತ್ತು, 57 ಕೆಲಸದ ದಿನ, ಹತ್ತಿರ ಹತ್ತಿರ ಹತ್ತು ವಾರ. ಮೂರೂ ಐಟಿಐ ಒಂದೇ ತಿಂಗಳು ಮಕ್ಕಳನ್ನು ಕಳಿಸಿದರೆ ಘಟಕದವರು ಗೇಟಿನಿಂದಲೇ ವಾಪಸ್ ಕಳಿಸುತ್ತಾರೆ. ವೆಲ್ಡರ್ ಒಂದು ವರ್ಷದ ಟ್ರೇಡ್. ಫಿಟ್ಟರ್, ಮಷಿನಿಸ್ಟ್ ಎರಡು ವರ್ಷ, ಆದ್ದರಿಂದ ಎರಡನೇ ವರ್ಷಕ್ಕೂ ಬೇರೆ 150 ಗಂಟೆ ಇಟ್ಟುಕೊಳ್ಳಿ. ಇದನ್ನು ಮರೆಯುವವರೇ ಹೆಚ್ಚು.

ಒಪ್ಪಂದಕ್ಕೆ ಕೆಲಸದ ಪಟ್ಟಿಯನ್ನು ಲಗತ್ತಿಸಿ. ‘ಮಷೀನ್ ಶಾಪ್ ವೀಕ್ಷಣೆ’ ಎಂದು ಬರೆದರೆ ಮಗು 19 ದಿನವೂ ಮೂಲೆಯಲ್ಲಿ ನಿಂತು ಬರುತ್ತದೆ. ‘ಡ್ರಾಯಿಂಗ್ ನೋಡಿ 10 ಪೀಸ್ ಮೈಕ್ರೋಮೀಟರಿನಲ್ಲಿ ಅಳೆದು ರಿಪೋರ್ಟ್ ಬರೆಯುವುದು’ ಎಂದಿದ್ದರೆ ಸೂಪರ್‌ವೈಸರ್‌ಗೂ ಏನು ಕೊಡಬೇಕೆಂದು ಗೊತ್ತಾಗುತ್ತದೆ. ಲಾಗ್‌ಬುಕ್ಕಿಗೆ ಅವರ ಸಹಿ ಅಂದಂದೇ ಬೀಳಬೇಕು. ಕೊನೆಯ ದಿನ ಒಂದೇ ಪೆನ್ನಲ್ಲಿ 19 ಸಹಿ ಹಾಕಿಸಿದ ಪುಸ್ತಕ ಯಾವ ತಪಾಸಣೆಯಲ್ಲೂ ನಿಲ್ಲುವುದಿಲ್ಲ.

ಸ್ಯಾಂಡ್ ಲ್ಯಾಬ್:
ಫೌಂಡ್ರಿಗೆ ಕಳಿಸುವುದಾದರೆ ಕರಗಿದ ಕಬ್ಬಿಣ ಹೊಯ್ಯುವ ಜಾಗ ಮಕ್ಕಳಿಗೆ ಬೇಡವೇ ಬೇಡ ಎಂದು ಒಪ್ಪಂದದಲ್ಲೇ ಬರೆಸಿ. ಅಲ್ಲಿ ಲೋಹ ಸುಮಾರು 1400 ಡಿಗ್ರಿ ಇರುತ್ತದೆ. ಲೇಡಲ್ (ಲೋಹ ಹೊಯ್ಯುವ ಪಾತ್ರೆ) ಸರಿಯಾಗಿ ಕಾಯದಿದ್ದರೆ, ಒದ್ದೆ ಗುಜರಿ ಕುಲುಮೆಗೆ ಬಿದ್ದರೆ ನೀರು ಥಟ್ಟನೆ ಆವಿಯಾಗಿ ಲೋಹ ಸಿಡಿಯುತ್ತದೆ. ಸೇಫ್ಟಿ ಶೂ, ಕನ್ನಡಕ ಯಾರು ಕೊಡಬೇಕು ಎಂಬುದನ್ನೂ ಸೇರಿಸಿ.

ಕಲಿಯಲು ಮರಳಿನ ಲ್ಯಾಬ್, ಪ್ಯಾಟರ್ನ್ ಶಾಪ್ (ಅಚ್ಚಿಗೆ ಬೇಕಾದ ಮಾದರಿ ಮಾಡುವ ಜಾಗ) ಒಳ್ಳೆಯವು. ತೂಕ ಮಾಡಿದ ಗ್ರೀನ್ ಸ್ಯಾಂಡನ್ನು (ಜೇಡಿ, ನೀರು ಬೆರೆಸಿದ ಅಚ್ಚಿನ ಮರಳು) ಕೊಳವೆಗೆ ಸುರಿದು, ರ‍್ಯಾಮರಿನಿಂದ ಮೂರು ಪೆಟ್ಟು ಕೊಟ್ಟರೆ 50 ಮಿ.ಮೀ. ವ್ಯಾಸ, 50 ಮಿ.ಮೀ. ಎತ್ತರದ ಸ್ಯಾಂಪಲ್ ಬರಬೇಕು. ಎತ್ತರ ತಪ್ಪಿದರೆ ಮರಳಿನ ತೂಕ ಸರಿಮಾಡಿ ಮತ್ತೆ ಬಡಿಯಬೇಕು. ತೇವ ಹೆಚ್ಚಾಗಿ, ಗಾಳಿ ಹೊರಹೋಗುವ ಗುಣ ಕಡಿಮೆಯಾದರೆ ಎರಕದಲ್ಲಿ ಬ್ಲೋ ಹೋಲ್ (ಗಾಳಿ ಸಿಕ್ಕಿ ಆಗುವ ತೂತು) ಬೀಳುತ್ತದೆ. ಲ್ಯಾಬಿನಲ್ಲಿ ಬರೆದ ಅಂಕಿಯನ್ನು ಮರುದಿನ ರಿಜೆಕ್ಟ್ ಆದ ಪೀಸಿನ ಪಕ್ಕ ಇಟ್ಟು ತೋರಿಸಿ, ವಿಷಯ ತಲೆಗೆ ಹತ್ತುತ್ತದೆ.

ಅಪ್ರೆಂಟಿಸ್ ಫೈಲ್:
ಓಜೆಟಿಯನ್ನು ಅಪ್ರೆಂಟಿಸ್‌ಶಿಪ್ ಎಂದು ತೋರಿಸಲು ಬರುವುದಿಲ್ಲ. ಅಪ್ರೆಂಟಿಸ್‌ಶಿಪ್ 1961ರ ಅಪ್ರೆಂಟಿಸ್ ಕಾಯ್ದೆಯಡಿ ಬೇರೆಯೇ ಕಾಂಟ್ರಾಕ್ಟ್. ಅಪ್ರೆಂಟಿಸ್‌ಗೆ ಪೆಟ್ಟಾದರೆ ಪರಿಹಾರ ಆ ಕಾಯ್ದೆಯಲ್ಲೇ ಇದೆ. ಓಜೆಟಿ ಮಕ್ಕಳಿಗೆ ಆ ರಕ್ಷಣೆ ಸಿಗದು, ಹಾಗಾಗಿ ಕಳಿಸುವ ಮುಂಚೆ ಗ್ರೂಪ್ ಅಪಘಾತ ವಿಮೆ ಮಾಡಿಸಿಬಿಡಿ, ದಯವಿಟ್ಟು.

ಪಾಸಾದ ಮೇಲೆ ಅದೇ ಘಟಕದಲ್ಲಿ ಅಪ್ರೆಂಟಿಸ್ ಆಗುವ ದಾರಿಯನ್ನು ಮಾತ್ರ ಈಗಲೇ ಮಾತಾಡಿಕೊಳ್ಳಿ. ಕಾಂಟ್ರಾಕ್ಟ್ ಕಾರ್ಮಿಕರೂ ಸೇರಿ 30 ಅಥವಾ ಹೆಚ್ಚು ಜನರಿರುವ ಘಟಕ ಆ ಸಂಖ್ಯೆಯ ಶೇ. 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. 4ರಿಂದ 29 ಜನರಿರುವಲ್ಲಿ ಅವರ ಇಷ್ಟ. ಸ್ಟೈಪೆಂಡಿನ ಶೇ. 25, ತಿಂಗಳಿಗೆ ಗರಿಷ್ಠ 1,500 ರೂಪಾಯಿ, ಕೇಂದ್ರದಿಂದ ನೇರ ಅಭ್ಯರ್ಥಿಯ ಖಾತೆಗೆ ಬರುತ್ತದೆ. ಸಿಕ್ಕಿಬೀಳುವುದು ಇಲ್ಲೇ: ಖಾತೆಗೆ ಆಧಾರ್ ಸೀಡಿಂಗ್ (ಜೋಡಣೆ) ಆಗಿರುವುದಿಲ್ಲ, ಇಲ್ಲವೇ ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ ಕಾಂಟ್ರಾಕ್ಟ್ ಆಗುವ ಮೊದಲೇ ಕೆಲಸಕ್ಕೆ ಹಚ್ಚಿರುತ್ತಾರೆ. ಆಧಾರ್ ಸೀಡಿಂಗನ್ನು ಐಟಿಐನಲ್ಲಿರುವಾಗಲೇ ಮುಗಿಸಿ.

ಪ್ಲೇಸ್‌ಮೆಂಟ್ ಡೆಸ್ಕ್:
ಧನ್ಯವಾದ. ವಿಮೆಯ ಮಾತು ನಮ್ಮ ಕರಡಿನಲ್ಲಿ ಇರಲೇ ಇಲ್ಲ, ಸೇರಿಸುತ್ತೇವೆ. ವೆಲ್ಡರ್ ಬ್ಯಾಚನ್ನು ಮೊದಲ ಸುತ್ತಿಗೆ ಹಾಕಬಹುದೇ?

ಜೆಟಿಒ ಫಿಟ್ಟರ್:
ಬೇಡ ಸರ್, ಕೊನೆಯ ಸುತ್ತಿಗೆ ಹಾಕಿ. ನೆಟ್ಟಗೆ ಒಂದು ಬೀಡ್ (ಬೆಸುಗೆಯ ಗೆರೆ) ಎಳೆಯಲು ಕೈ ಕೂರದ ಮಗುವಿಗೆ ಶಾಪಿನಲ್ಲಿ ಯಾರೂ ವೆಲ್ಡಿಂಗ್ ಹೋಲ್ಡರ್ ಕೊಡುವುದಿಲ್ಲ.