ಮಗನಿಗೆ ಹುಸೇನಪ್ಪ ಎಂದು ಹೆಸರಿಡಬೇಕೆಂದಿದ್ದೇವೆ: ಅನುಭವ ಉಳ್ಳವರು ತಿಳಿಸಿ

ಪ್ರಶ್ನೆ, ಮಸ್ಕಿಯಿಂದ:
ಮಗು ಹುಟ್ಟಿ ಎರಡು ತಿಂಗಳಾಯಿತು. ಮುದಗಲ್ಲಿನ ಮೊಹರಮ್ಮಿನಲ್ಲಿ ನಮ್ಮ ತಾಯಿ ಆ ಹಬ್ಬದಲ್ಲಿ ಕೂರಿಸುವ ಅಲಾಯಿ ದೇವರಿಗೆ ಹರಕೆ ಹೊತ್ತಿದ್ದರು. ಆದ್ದರಿಂದ ಅಜ್ಜನ ಹೆಸರಾದ ಹುಸೇನಪ್ಪ ಎಂದೇ ಇಡಬೇಕೆನ್ನುತ್ತಾರೆ. ಹೆಂಡತಿಯ ತವರಿನವರು ಹಿಂದೂಗಳಿಗೆ ಈ ಹೆಸರೇಕೆ, ಅದರ ಅರ್ಥವೇನು ಎಂದು ಕೇಳುತ್ತಿದ್ದಾರೆ.

ಸಿಂಧನೂರಿನಿಂದ:
52 ವರ್ಷಗಳಿಂದ ಇದೇ ಹೆಸರು ನನ್ನದು. ಹೆಸರಿನಿಂದ ನನಗೆ ಎಂದೂ ತೊಂದರೆಯಾಗಿಲ್ಲ, ಅದನ್ನು ಬರೆದವರಿಂದ ಆಗಿದೆ. ಶಾಲೆಗೆ ಸೇರಿಸಿದ ದಿನ ಗುರುಗಳು ಕಿವಿಗೆ ಬಿದ್ದಂತೆ ಉಸೇನಪ್ಪ ಎಂದು ಬರೆದುಕೊಂಡರು. ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲೂ ಅದೇ ಉಳಿಯಿತು. ಪಹಣಿಯಲ್ಲಿ ಹುಸನಪ್ಪ, ಆಧಾರಿನಲ್ಲಿ ಹುಸ್ಸೇನಪ್ಪ. 2019ರಲ್ಲಿ ಬೆಳೆಸಾಲಕ್ಕೆ ಹೋದಾಗ ಇವರೆಲ್ಲರೂ ಒಬ್ಬನೇ ಎಂದು ತೋರಿಸಲು ಪ್ರಮಾಣಪತ್ರಕ್ಕೆ 300, ನೋಟರಿಗೆ 200, ಎರಡು ಪತ್ರಿಕೆಗಳ ಪ್ರಕಟಣೆಗೆ 1,850 ರೂಪಾಯಿ ಕೊಟ್ಟೆ. ರಾಯಚೂರಿಗೆ ಏಳು ಸಲ ಓಡಾಡಿದ ಬಸ್ಸಿನ ಖರ್ಚು ಬೇರೆ. ಅಷ್ಟರಲ್ಲಿ ಭತ್ತದ ನಾಟಿಯ ಕಾಲ ಬಂದು, ತಿಂಗಳಿಗೆ ನೂರಕ್ಕೆ ಮೂರರ ಬಡ್ಡಿಯಲ್ಲಿ ಕೈಗಡ ತಂದೆ. ಆ ಬಡ್ಡಿ ಇಂದಿಗೂ ಹೊಟ್ಟೆ ಉರಿಸುತ್ತದೆ.

ಗಂಗಾವತಿಯಿಂದ:
ನಮ್ಮ ತಂದೆಯೂ ಹುಸೇನಪ್ಪನೇ. ನಾನು ಮಗನಿಗೆ ಸುಷೇಣ ಎಂದು ಇಟ್ಟೆ. ನಮ್ಮ ಆನೆಗೊಂದಿಯ ಸೀಮೆಯೇ ಕಿಷ್ಕಿಂಧೆ. ಸಂಜೀವಿನಿ ತರಲು ಹನುಮಂತನನ್ನು ಕಳುಹಿಸಿದ ವೈದ್ಯ, ತಾರೆಯ ತಂದೆ ಸುಷೇಣ. ಸಿಂಧುವೇ ಹಿಂದುವಾದಂತೆ ಸುಷೇಣನೇ ಹುಸೇನನಾದನು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಹೀಗೆ ಮೂಲ ಹೆಸರನ್ನೇ ಉಳಿಸಿಕೊಂಡೆವು.

ರಾಯಚೂರಿನಿಂದ:
ಇದನ್ನು ಒಪ್ಪಲಾಗದು. ಸಿಂಧು ಹಿಂದುವಾದದ್ದು ಇರಾನಿನ ನುಡಿಯಲ್ಲಿ. ಹುಸೇನ್ ಅರಬ್ಬಿ ಹೆಸರು. ಅರಬ್ಬಿಯಲ್ಲಿ ಹ, ಸ, ನ ಎಂಬ ಮೂರು ವ್ಯಂಜನಗಳ ಧಾತುವಿಗೆ ಒಳಿತು, ಚೆಲುವು ಎಂದು ಅರ್ಥ. ಹಸನ್ ಎಂದರೆ ಚೆಲುವ, ಅದರ ಮುದ್ದಿನ ರೂಪ ಹುಸೈನ್, ಅಂದರೆ ಪುಟ್ಟ ಚೆಲುವ. ಪ್ರವಾದಿ ಮುಹಮ್ಮದರ ಮೊಮ್ಮಕ್ಕಳಲ್ಲಿ ಅಣ್ಣ ಹಸನ್, ತಮ್ಮ ಹುಸೈನ್. ಆ ತಮ್ಮನೇ ಕ್ರಿ.ಶ. 680ರಲ್ಲಿ ಕರ್ಬಲೆಯಲ್ಲಿ ಮಡಿದವನು, ನಾವು ಮೊಹರಮ್ಮಿನಲ್ಲಿ ಬೆಂಕಿ ಹಾಕುವ ಅಲಾಯಿ ಕುಣಿಯ ಸುತ್ತ ನೆನೆಯುವವನು. ಹಸೀನಾ, ಮೊಹಸಿನ್, ಎಹಸಾನ್ ಎಲ್ಲವೂ ಅದೇ ಧಾತುವಿನವು. ಪಾರಸಿ ನುಡಿಯವರು ಹೊಸೇನ್ ಎನ್ನುತ್ತಾರೆ, ತುರ್ಕರು ಹ್ಯುಸೆಯಿನ್. ನೈಜೀರಿಯಾದ ಹೌಸಾ ಜನರು ಅವಳಿ ಗಂಡುಮಕ್ಕಳಿಗೆ ಹಸನ್, ಹುಸೈನಿ ಎಂದು ಇಡುತ್ತಾರೆ. ನಾವು ಬಸಪ್ಪ, ಹನುಮಪ್ಪ ಎನ್ನುವಂತೆಯೇ ಅಪ್ಪ ಸೇರಿಸಿ ನಮ್ಮವನನ್ನಾಗಿ ಮಾಡಿಕೊಂಡೆವು. ಸುಷೇಣ ಸಂಸ್ಕೃತದ ಸು ಮತ್ತು ಸೇನಾ ಸೇರಿದ ಪದ, ಒಳ್ಳೆಯ ಸೇನೆಯುಳ್ಳವನು ಎಂದರ್ಥ. ಎರಡಕ್ಕೂ ನಂಟಿಲ್ಲ. ಮಗನಿಗೆ ಬೇಕಾದ ಹೆಸರಿಡಿ, ಆದರೆ ತಂದೆಯ ಹೆಸರಿಗೆ ಇಲ್ಲದ ಮೂಲವನ್ನು ಕಟ್ಟಬೇಡಿ.

ಗಂಗಾವತಿಯಿಂದ:
ಪಾಠ ಹೇಳುವುದು ಸುಲಭ. ತಂದೆಯ ಚಿಕಿತ್ಸೆಗೆಂದು ದೊಡ್ಡ ಊರಿನಲ್ಲಿ ಮೂರು ತಿಂಗಳ ಮಟ್ಟಿಗೆ ಬಾಡಿಗೆ ಮನೆ ಹುಡುಕಿದಾಗ, ರೋಗಿಯ ಹೆಸರು ಕೇಳಿದೊಡನೆ ಹನ್ನೊಂದು ಮನೆಗಳವರು ಬಾಗಿಲು ಹಾಕಿದರು. ಹನ್ನೆರಡನೆಯ ಮನೆಯಲ್ಲಿ ತಂದೆಯೇ ತಮ್ಮ ಹೆಸರನ್ನು ಈಶಪ್ಪ ಎಂದು ಹೇಳಿದರು. ಅದನ್ನು ಕೇಳಿಸಿಕೊಂಡು ನಿಂತವನು ನಾನು, ನೀವಲ್ಲ.

ಸಿಂಧನೂರಿನಿಂದ:
ನಿಮ್ಮ ನೋವು ಅರ್ಥವಾಗುತ್ತದೆ. ಆದರೂ ಮೊಮ್ಮಗನ ಹೆಸರು ಬದಲಾಯಿಸಿದರೆ ಆ ಹನ್ನೊಂದು ಮನೆಯವರ ಮಾತನ್ನೇ ನಡೆಸಿಕೊಟ್ಟಂತಾಗಲಿಲ್ಲವೇ? ರಾಯಚೂರಿನವರು ಹುಸೈನ್ ಎಂದು ಬರೆದದ್ದೂ ನನಗೆ ಹಿಡಿಸಲಿಲ್ಲ. ನಮ್ಮ ಬಾಯಲ್ಲಿ ಅದು ಹುಸೇನಪ್ಪ.

ರಾಯಚೂರಿನಿಂದ:
ಅರಬ್ಬಿಯ ರೂಪವನ್ನು ಅರಬ್ಬಿಯಂತೆಯೇ ಬರೆದೆ, ನಿಮ್ಮ ಹೆಸರನ್ನು ತಿದ್ದಲಿಲ್ಲ.

ಸಿರುಗುಪ್ಪದಿಂದ:
ನಾನು ಹುಸೇನಮ್ಮ. ನನ್ನ ತಮ್ಮ ದಸ್ತಗಿರಿಯಪ್ಪ; ಪಾರಸಿಯಲ್ಲಿ ದಸ್ತ್ ಎಂದರೆ ಕೈ, ದಸ್ತಗೀರ್ ಎಂದರೆ ಕೈ ಹಿಡಿದು ಕಾಯುವವನು. ಮದುವೆಯಾದ ಹೊಸದರಲ್ಲಿ ನೆರೆಯವರು ನನ್ನ ಹೆಸರಿನ ಅರ್ಥ ಕೇಳಿದಾಗ ನಾನು ತಲೆ ತಗ್ಗಿಸಿದೆ. ಜೋಳ ಹಸನು ಮಾಡುತ್ತಿದ್ದ ನಮ್ಮ ಅತ್ತೆ, ಧಾತು ಪ್ರತ್ಯಯ ಒಂದನ್ನೂ ಅರಿಯದವರು, ಮೊರವನ್ನು ಕೆಳಗಿಟ್ಟು, "ಹಸನಾದಾಕಿ ಅಂತ ಅರ್ಥ" ಎಂದರು. ಅಂದಿನಿಂದ ನನ್ನನ್ನು ಯಾರೂ ಕೇಳಿಲ್ಲ.

ಮಸ್ಕಿಯವರೇ, ಹೆಸರಿಲ್ಲದೆ ಜನನ ನೋಂದಣಿ ಮಾಡಿಸಿದ್ದರೆ 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. ಹ ಅಕ್ಷರ ಬಿಟ್ಟುಹೋಗದಂತೆ ನೀವೇ ನಿಂತು ಬರೆಯಿಸಿ.