ತಾತನ ಟ್ರಂಕಿನಲ್ಲಿ ಸರ್ ಎಂ.ವಿ. ಪುಸ್ತಕ ಸಿಕ್ಕಿದೆ, ಏನು ಮಾಡಲಿ?

ಚಿಕ್ಕಬಳ್ಳಾಪುರದಿಂದ ಕೇಳುತ್ತಿದ್ದೇನೆ. ಹಳೇ ಮನೆ ಕೆಡವುವ ಮುಂಚೆ ಅಟ್ಟ ಖಾಲಿ ಮಾಡಿದೆವು. ಮೇಷ್ಟ್ರಾಗಿದ್ದ ತಾತನ ಟ್ರಂಕಿನಲ್ಲಿ ವಿಶ್ವೇಶ್ವರಯ್ಯನವರ ‘ಪ್ಲಾನ್ಡ್ ಎಕಾನಮಿ ಫಾರ್ ಇಂಡಿಯಾ’ ಸಿಕ್ಕಿತು. ಬೆನ್ನಿನ ಬಟ್ಟೆ ಸ್ವಲ್ಪ ಬಿಟ್ಟಿದೆ. ಒಳಗೆ ಅಲ್ಲಲ್ಲಿ ಪೆನ್ಸಿಲ್ ಗೀಟು. ‘ಮೊದಲನೇ ಮುದ್ರಣ ಕಣೋ, ಲಕ್ಷ ಬರುತ್ತೆ’ ಅನ್ನುತ್ತಾರೆ ಚಿಕ್ಕಪ್ಪ. ಮಾರಬೇಕಾ, ಇಟ್ಟುಕೊಳ್ಳಬೇಕಾ, ಲೈಬ್ರರಿಗೆ ಕೊಡಬೇಕಾ? ಅನುಭವ ಇದ್ದವರು ಹೇಳಿ.

ಕೋಲಾರದಿಂದ:

ಲಕ್ಷದ ಮಾತು ಆಮೇಲೆ. ಮೊದಲು ಶೀರ್ಷಿಕೆ ಪುಟದಲ್ಲಿ ಇಸವಿ ನೋಡಿ, ಅದರ ಹಿಂಬದಿಯನ್ನೂ ನೋಡಿ. ಈ ಪುಸ್ತಕ ಬೆಂಗಳೂರು ಪ್ರೆಸ್ಸಿನಿಂದ ಮೊದಲು ಬಂದಿದ್ದು 1934ರಲ್ಲಿ. 1936ರಲ್ಲಿ ಎರಡನೇ ಮುದ್ರಣ ಬಂತು. ಮುನ್ನುಡಿಯ ಕೆಳಗಿನ ತಾರೀಖನ್ನು ಮಾತ್ರ ನಂಬಿ ಕೂರಬೇಡಿ. ಹಳೇ ಮುನ್ನುಡಿಯನ್ನು ಆಮೇಲಿನ ಮುದ್ರಣಗಳಲ್ಲಿ ಹಾಗೇ ಉಳಿಸುವುದುಂಟು.

ನನಗೆ ಇದೆಲ್ಲ ಗೊತ್ತಾಗಿದ್ದು ಮುಖಭಂಗ ಆದ ಮೇಲೆ. ಮಾವನವರ ಬೀರುವಿನಲ್ಲಿ ಅರ್ಥಶಾಸ್ತ್ರದ ಹೆಸರಾಂತ ಪುಸ್ತಕ, ಆಡಂ ಸ್ಮಿತ್‌ನ ‘ವೆಲ್ತ್ ಆಫ್ ನೇಷನ್ಸ್’ ಇತ್ತು. ಒಳಗೆಲ್ಲೋ 1776 ಅಂತ ಕಂಡಿದ್ದೇ ತಡ, ಮನೆ ಸಾಲ ತೀರಿತು ಅಂದುಕೊಂಡೆ. ಹಳೇ ಪುಸ್ತಕದ ಅಂಗಡಿಯವರು ಕೈಗೆ ತೆಗೆದುಕೊಂಡು ನಕ್ಕರು. ಅದು ಎವ್ರಿಮ್ಯಾನ್ಸ್ ಲೈಬ್ರರಿ ಅನ್ನುವ ಅಗ್ಗದ ಪುಸ್ತಕಮಾಲೆಯ ಮುದ್ರಣ. 1910ರಿಂದ ಅಚ್ಚಾಗುತ್ತಾ ಬಂದದ್ದು, ಅಂಗೈಯಗಲದ ಪುಸ್ತಕ. ನಿಜವಾದ 1776ರದ್ದು ಲಂಡನ್ನಿನಲ್ಲಿ ಸ್ಟ್ರಾಹನ್ ಮತ್ತು ಕ್ಯಾಡೆಲ್ ಅನ್ನುವವರು ತಂದ ಎರಡು ದೊಡ್ಡ ಸಂಪುಟ, ಮಂಡಿಯ ಲೆಡ್ಜರ್ ಥರ. ಆಗಿನ ಬೆಲೆ 1 ಪೌಂಡ್ 16 ಶಿಲ್ಲಿಂಗ್. ಅದರಲ್ಲಿ ಪದದ ನಡುವೆ ಬರುವ ‘ಎಸ್’ ಅಕ್ಷರ ‘ಎಫ್’ ಥರ ಕಾಣುತ್ತದೆ. ‘ಹೌಸ್’ ಅನ್ನುವುದನ್ನು ನಾವು ‘ಹೌಫ್’ ಅಂತ ಓದುತ್ತೇವೆ. ಅಷ್ಟು ನೋಡಿದ್ದರೆ ನನಗೆ ಬಸ್ ಚಾರ್ಜಾದರೂ ಉಳಿಯುತ್ತಿತ್ತು.

ತುಮಕೂರಿನಿಂದ:

ಬೇಡ ತಮ್ಮ, ರಿಪೇರಿ ಮಾತ್ರ ಬೇಡ. ನಮ್ಮ ಮನೆಯಲ್ಲಿ ಓಲೆಗರಿ ಕಟ್ಟುಗಳಿದ್ದವು. ಅವಕ್ಕೆ ನಿಂಬೆಹುಲ್ಲಿನ ಎಣ್ಣೆ ಸವರುವುದನ್ನು ನೋಡಿ ಬೆಳೆದವಳು ನಾನು. ಅದೇ ಬುದ್ಧಿವಂತಿಕೆಯನ್ನು ಅಪ್ಪನ ಕಾಲೇಜು ಪುಸ್ತಕದ ಮೇಲೂ ತೋರಿಸಿದೆ. ಓಲೆಗರಿ ಎಣ್ಣೆ ಕುಡಿದು ಮೆದುವಾಗುತ್ತದೆ. ಕಾಗದಕ್ಕೆ ಬರೀ ಕಲೆ. ಹದಿನಾರು ಪುಟ ಬೋಂಡ ಕಟ್ಟಿಕೊಟ್ಟ ಪೇಪರ್ ಥರ ಆಯಿತು.

ಸೆಲ್ಲೋಟೇಪ್ ಕೂಡ ಬೇಡ. ನಾಲ್ಕು ವರ್ಷಕ್ಕೆ ಅಂಟು ಹಳದಿಯಾಗಿ ಕಾಗದದೊಳಗೆ ಇಳಿಯುತ್ತದೆ. ಬೆನ್ನು ಬಿಟ್ಟಿದ್ದರೆ ಬಿಳಿ ಹತ್ತಿ ಲಾಡಿಯನ್ನು ಸಡಿಲವಾಗಿ ಸುತ್ತಿ ಕಟ್ಟಿದರೆ ಸಾಕು. ಮೆತ್ತನೆ ಬ್ರಷ್‌ನಲ್ಲಿ ಧೂಳು ತೆಗೆ. ಪ್ಲಾಸ್ಟಿಕ್ ಕವರಿಗೆ ಹಾಕಿದರೆ ತೇವ ಒಳಗೇ ಉಳಿಯುತ್ತದೆ. ನಿಮ್ಮ ಕಡೆ ನಂದಿಬೆಟ್ಟದ ಚಳಿ, ಮಂಜು ಬೇರೆ. ಹೊರಗೋಡೆಗೆ ತಾಗಿದ ಬೀರುವಿನಲ್ಲಿ ಇಡಬೇಡ. ಪೆನ್ಸಿಲ್ ಗೀಟಿಗೆ ರಬ್ಬರ್ ಹಾಕೀಯ, ಹುಷಾರು!

ಚಿಂತಾಮಣಿಯಿಂದ:

ಲೈಬ್ರರಿಗೆ ಕೊಡುವುದಾದರೆ ಬರವಣಿಗೆಯಲ್ಲಿ ಕೊಡಿ, ಸ್ವೀಕೃತಿ ಪತ್ರ ಇಸಿದುಕೊಳ್ಳಿ. ಒಂದು ಕಡೆ, ಹೆಸರು ಬೇಡ, ನಮ್ಮಪ್ಪನ ಎರಡು ಪೆಟ್ಟಿಗೆ ಪುಸ್ತಕ ಸುಮ್ನೆ ನಂಬಿ ಕೊಟ್ಟೆ. ಎರಡು ವರ್ಷಕ್ಕೆ ಅದರಲ್ಲೊಂದು ಫುಟ್‌ಪಾತಿನಲ್ಲಿ ಸಿಕ್ಕಿತು. ಅಪ್ಪನ ಸಹಿ, ಅದರ ಮೇಲೆ ಅವರ ಸೀಲು. ಮೂವತ್ತು ರೂಪಾಯಿ ಕೊಟ್ಟು ನಮ್ಮ ಪುಸ್ತಕವನ್ನೇ ಕೊಂಡು ತಂದೆ.

ಗೌರಿಬಿದನೂರಿನಿಂದ:

ಹಳೇ ಪುಸ್ತಕ ಕೊಳ್ಳುವ ಹುಚ್ಚಿನವನು ನಾನು. ಆನ್‌ಲೈನಿನಲ್ಲಿ ಕಾಣುವುದು ಮಾರುವವರು ಕೇಳುವ ಬೆಲೆ. ಅಷ್ಟಕ್ಕೆ ಯಾರಾದರೂ ಕೊಂಡಿದ್ದಾರೆ ಅಂತ ಅರ್ಥವಲ್ಲ. ನಾನಾದರೆ ಮೊದಲು ಪುಟಗಳೆಲ್ಲ ಇವೆಯಾ ಎಣಿಸುತ್ತೇನೆ. ಮೇಲಿನ ಕಾಗದದ ಹೊದಿಕೆ ಉಳಿದಿದ್ದರೆ ಜಾಸ್ತಿ ಕೊಡುತ್ತೇನೆ. ಲೈಬ್ರರಿ ಸೀಲು ಕಂಡರೆ ಅರ್ಧ ಆಸೆ ಹೋಗುತ್ತದೆ. ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಅಂಗಡಿಗಳಿಗೆ ಪುಸ್ತಕ ಹೊತ್ತುಕೊಂಡು ಹೋಗಬೇಡಿ. ಫೋಟೊ ತೋರಿಸಿ, ಎರಡು ಮೂರು ಕಡೆ ವಿಚಾರಿಸಿ.

ಮಾರುವ ಮುಂಚೆ ಒಂದು ಸಲ ಓದಿ, ಅಲ್ವಾ? ಹತ್ತು ವರ್ಷದಲ್ಲಿ ದೇಶದ ಆದಾಯ ಎರಡು ಪಟ್ಟು ಆಗಬೇಕು, ಅದಕ್ಕೆ ಕೈಗಾರಿಕೆ ಬೆಳೆಯಬೇಕು ಅಂತ ಅದರಲ್ಲಿ ಲೆಕ್ಕ ಹಾಕಿದ್ದಾರೆ. ಪಂಚವಾರ್ಷಿಕ ಯೋಜನೆ ಹಾಕುತ್ತಿದ್ದ ನಮ್ಮ ಯೋಜನಾ ಆಯೋಗ ಹುಟ್ಟಿದ್ದು 1950ರಲ್ಲಿ. ನಿಮ್ಮ ಪಕ್ಕದ ಮುದ್ದೇನಹಳ್ಳಿಯಲ್ಲಿ ಹುಟ್ಟಿ, ನಿಮ್ಮೂರಲ್ಲೇ ಓದಿದವರು ಅದಕ್ಕಿಂತ ಎಷ್ಟೋ ಮುಂಚೆ ಬರೆದಿಟ್ಟದ್ದು.

ಕೇಳಿದವನೇ ಮತ್ತೆ:

ನೋಡಿದೆ. 1936. ಎರಡನೇ ಮುದ್ರಣ. ಚಿಕ್ಕಪ್ಪ ‘ಓಹೋ’ ಅಂದು ಫೋನ್ ಇಟ್ಟರು. ರಾತ್ರಿ ಕೂತು ಪೆನ್ಸಿಲ್ ಗೀಟುಗಳನ್ನು ಓದಿದೆ. ಕೈಗಾರಿಕೆಯ ಮಾತು ಬರುವ ಒಂದು ಪುಟದ ಅಂಚಿನಲ್ಲಿ ತಾತ ಸಣ್ಣಗೆ ‘ನಮ್ಮೂರಿಗೆ ಯಾವಾಗ?’ ಅಂತ ಬರೆದಿದ್ದಾರೆ. ಮಾರುವುದಿಲ್ಲ. ತುಮಕೂರಿನ ಅಕ್ಕ, ಆ ಬಿಳಿ ಹತ್ತಿ ಲಾಡಿ ಟೈಲರ್ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದಾ?